ಆಚಾರ್ರು ಮಾಡಿದ ಕಾಲಿನ ಹಾರ್ಮೋನಿಯಂ

ನಮ್ಮ ಕೊಪ್ಪದ ಮನೆಯ ಹಾಲಿನಲ್ಲಿ ಟಿ.ವಿ. ಇಟ್ಟಿರುವುದು ಮೇಜಿನ ಮೇಲೆ ಎಂದು ನೀವು ಮೂವರೂ ತಿಳಿದುಕೊಂಡಿದ್ದಿರಿ. ತಪ್ಪು ನಿಮ್ಮದಲ್ಲ. ಹೂವಿನ ಬಟ್ಟೆ ಹೊದಿಸಿ, ಅದರ ಮೇಲೆ ಟಿ.ವಿ. ಇಡಿಸಿದವಳು ನಾನೇ. ಹೋದ ರಜೆಯಲ್ಲಿ ನಿಮ್ಮಲ್ಲಿ ಚಿಕ್ಕವಳು ಬಟ್ಟೆ ಎತ್ತಿ ನೋಡಿ, "ಅಜ್ಜಿ, ಇದು ಪಿಯಾನೋನಾ?" ಎಂದು ಕೇಳಿದಳು. ಅಲ್ಲ ಎಂದೆ. ಮತ್ತೆ ಎಂತದು ಎಂದಳು. ಆಮೇಲೆ ಹೇಳುತ್ತೇನೆ ಎಂದೆ. ನನಗೆ ಬಾಯಲ್ಲಿ ಹೇಳಲು ಹೊರಟರೆ ಅರ್ಧ ಗಂಟಲಲ್ಲೇ ಉಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ನಾನು ನೆಮ್ಮಾರಿನ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ತಪ್ಪಿದ್ದರೆ ನಿಮ್ಮ ಅಮ್ಮನ ಹತ್ತಿರ ತಿದ್ದಿಸಿಕೊಂಡು ಓದಿ.

ಅದು ಕಾಲಿನ ಹಾರ್ಮೋನಿಯಂ. ಕೆಳಗೆ ಎರಡು ಪೆಡಲು ಇವೆ. ಅವನ್ನು ತುಳಿದರೆ ಒಳಗಿನ ತಿದಿ ಗಾಳಿ ಊದುತ್ತದೆ, ಎರಡೂ ಕೈ ನುಡಿಸುವುದಕ್ಕೆ ಬಿಡುವಾಗುತ್ತದೆ. ನಾಟಕದ ಕಂಪನಿಯವರು ಇಟ್ಟುಕೊಳ್ಳುತ್ತಿದ್ದದ್ದು ಈ ಬಗೆಯದು. ಪಿಯಾನೋ ನೋಡದವರು ಇದನ್ನು ಪಿಯಾನೋ ಎಂದಿದ್ದಾರೆ. ಪಿಯಾನೋ ನೋಡಿದವರು ಮೇಜು ಎಂದಿದ್ದಾರೆ.

ಇದನ್ನು ಮಾಡಿದವರು ಶೆಟ್ಟಿಕೊಪ್ಪದ ಒಬ್ಬ ಬಡಗಿ. ಎಲ್ಲರೂ ಆಚಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ಬಾಗಿಲು, ಕಿಟಕಿ, ತೊಟ್ಟಿಲು, ನೇಗಿಲು ಮಾಡಿಕೊಂಡಿದ್ದ ಅವರಿಗೆ ಸಂಗೀತ ಬರುತ್ತಿರಲಿಲ್ಲ. ಕೊನೆಯವರೆಗೂ ಬರಲಿಲ್ಲ. ನಿಮ್ಮಜ್ಜನಿಗೆ ಇನ್ನೂ ಮದುವೆಯಾಗದಿದ್ದ ಕಾಲದಲ್ಲಿ ನರಸಿಂಹರಾಜಪುರದಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಲಾರಿಯಿಂದ ಇಳಿಸುವಾಗ ಅವರ ಹಾರ್ಮೋನಿಯಂನ ಒಂದು ಕಾಲು ಮುರಿಯಿತು. ಸರಿಮಾಡಿಕೊಡಿ ಎಂದು ಆಚಾರ್ರ ಕೊಟ್ಟಿಗೆಗೆ ತಂದಿಟ್ಟರು. ಮೂರು ದಿನದ ಕೆಲಸ ಇದೆ ಎಂದರು ಆಚಾರ್ರು. ಕಾಲು ಕೂರಿಸಲು ಅರ್ಧ ದಿನ ಸಾಕಾಯಿತು. ಉಳಿದ ಎರಡೂವರೆ ದಿನ ಅವರು ಇಡೀ ಪೆಟ್ಟಿಗೆಯನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಅಡಿಕೆ ಹಾಳೆಯ ಮೇಲಿಟ್ಟು ಇದ್ದಿಲಿನಿಂದ ಸುತ್ತ ಗೆರೆ ಎಳೆದು, ಗೆರೆಯ ಮೇಲೆ ಹಾಳೆ ಕತ್ತರಿಸಿಕೊಂಡು, ಮತ್ತೆ ಮೊದಲಿನಂತೆ ಜೋಡಿಸಿಟ್ಟರು. ಕಂಪನಿಯವರಿಗೆ ತಿಳಿಯಲಿಲ್ಲ. ಆ ಹಾಳೆಗಳು ಅಟ್ಟದಲ್ಲಿ ಒಣಗಿ ಸ್ವಲ್ಪ ಮುದುಡಿದ್ದರಿಂದ ನಮ್ಮ ಹಾರ್ಮೋನಿಯಂ ಕಂಪನಿಯದಕ್ಕಿಂತ ಎರಡು ಬೆರಳು ಗಿಡ್ಡ.

ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಬಂದಿತ್ತು. ಹಾರ್ಮೋನಿಯಂನಲ್ಲಿ ಬೆರಳಿಡುವ ಬಿಳಿ ಮತ್ತು ಕರಿ ಪಟ್ಟಿಗಳಿಗೆ ನಮ್ಮ ಕಡೆ ಮನೆ ಎನ್ನುತ್ತಾರೆ. ಒಂದೊಂದು ಮನೆಗೂ ಒಳಗೆ ಒಂದು ತೂತು, ಅದಕ್ಕೊಂದು ಹಿತ್ತಾಳೆಯ ತೆಳು ನಾಲಿಗೆ. ಅದಕ್ಕೆ ರೀಡು ಎಂದು ಹೆಸರು. ಗಾಳಿ ತಾಗಿದಾಗ ಸ್ವರ ಹೊರಡುವುದು ಅದರಿಂದ. ಕಂಪನಿಯ ಪೆಟ್ಟಿಗೆಯಲ್ಲಿ ನಡುವಿನ ಒಂದು ಕರಿ ಮನೆಯ ರೀಡು ಯಾವಾಗಲೋ ಮುರಿದುಹೋಗಿ, ಗಾಳಿ ಸೋರದಿರಲಿ ಎಂದು ಯಾರೋ ಆ ತೂತಿಗೆ ಮರದ ಬೆಣೆ ಹೊಡೆದಿದ್ದರು. ಆಚಾರ್ರು ಅದು ಇರಬೇಕಾದದ್ದೇ ಎಂದುಕೊಂಡರು. ತಾವು ಹಲಸಿನ ಮರದಲ್ಲಿ ಪೆಟ್ಟಿಗೆ ಮಾಡುವಾಗ ಆ ತೂತಿಗೆ ಬೀಟೆಯ ಬೆಣೆ ಮಾಡಿ ಕೂರಿಸಿದರು. ಕಂಪನಿಯ ಬೆಣೆ ಒರಟಾಗಿತ್ತು. ಇವರದ್ದು ಉಜ್ಜಿ ಉಜ್ಜಿ ನಯವಾಗಿತ್ತು.

ಮೊದಲನೆಯ ಪೆಟ್ಟಿಗೆಯನ್ನು ಕೊಂಡವರು ನಿಮ್ಮಜ್ಜ. ಅವರು ಪ್ರೈಮರಿ ಶಾಲೆಯ ಮೇಷ್ಟ್ರು. ಮನೆಯಲ್ಲಿ ಸೇರುತ್ತಿದ್ದ ಶನಿವಾರದ ಭಜನೆಗೆ ನುಡಿಸಬೇಕೆಂದು ತಾವೇ ಕಲಿತರು, ಅದೂ ಇದೇ ಪೆಟ್ಟಿಗೆಯಲ್ಲಿ. ಬೇರೆ ಹಾರ್ಮೋನಿಯಂ ಮುಟ್ಟಿದವರಲ್ಲ. ಆ ಕರಿ ಮನೆ ಒತ್ತಿದರೆ ಸದ್ದಿಲ್ಲ. ಅವರು ಕೆಲವು ದಿನ ಯೋಚಿಸಿ, ಅದಕ್ಕೆ ಉಸಿರಿನ ಮನೆ ಎಂದು ಹೆಸರಿಟ್ಟರು. ಅಲ್ಲಿ ವಾದ್ಯ ಸುಮ್ಮನಿದ್ದು ನುಡಿಸುವವನಿಗೆ ಜಾಗ ಬಿಡುತ್ತದೆ, ನುಡಿಸುವವನು ತನ್ನ ಉಸಿರನ್ನು ಅಲ್ಲಿ ಸೇರಿಸಬೇಕು ಎಂದು ಭಜನೆಗೆ ಬಂದವರಿಗೆಲ್ಲ ವಿವರಿಸಿದರು. ಮೇಷ್ಟ್ರು ವಿವರಿಸಿದ ಮೇಲೆ ಯಾರು ಎದುರು ಪ್ರಶ್ನಿಸುತ್ತಾರೆ. ಹಾಡು ಆ ಸ್ವರಕ್ಕೆ ಬಂದಾಗ ಅವರು ಗದ್ದ ಎತ್ತಿ ಆ ಎನ್ನುತ್ತಿದ್ದರು, ಕೂತವರೆಲ್ಲ ಆ ಎನ್ನುತ್ತಿದ್ದರು. ಹೊರಗಿನಿಂದ ಬಂದವರಿಗೆ, ಕೊಪ್ಪದ ಜನ ಭಜನೆಯ ನಡುವೆ ಆಗಾಗ ಒಟ್ಟಿಗೆ ಬೆಚ್ಚಿಬೀಳುತ್ತಾರೆ ಎನ್ನಿಸುತ್ತಿತ್ತು.

ನಾನು ಮದುವೆಯಾಗಿ ಬಂದಾಗ ಇದೆಲ್ಲ ನಡೆದು ರೂಢಿಯಾಗಿತ್ತು. ತಿದಿಗೆ ತೊಗಲು ಹಾಕಿದ್ದಾರೆ ಎಂದು ನನ್ನ ಅತ್ತೆ ಅದನ್ನು ಒಳಗೆ ಬಿಟ್ಟಿರಲಿಲ್ಲ. ಆದ್ದರಿಂದ ಅದು ಮುಂಚಿನಿಂದಲೂ ಹೊರಗಿನ ಹಾಲಿನಲ್ಲೇ ಇದೆ. ನಾನು ಅದನ್ನು ಒರೆಸುತ್ತಿದ್ದೆ. ನುಡಿಸಿದವಳಲ್ಲ.

ಆಚಾರ್ರು ಒಟ್ಟು ಏಳು ಪೆಟ್ಟಿಗೆ ಮಾಡಿದರು. ಶೃಂಗೇರಿಯ ಕಡೆಗೆ ಹೋದ ಎರಡರಲ್ಲಿ ಒಂದನ್ನು ಗೆದ್ದಲು ತಿಂದಿತು. ಬಾಳೆಹೊನ್ನೂರಿನದರ ತಿದಿಯನ್ನು ಇಲಿ ಕಡಿಯಿತು. ಒಂದನ್ನು ಕೊಂಡವರು ಪಾಲಾಗುವಾಗ ಪೆಡಲು ಅಣ್ಣನಿಗೂ ಉಳಿದದ್ದು ತಮ್ಮನಿಗೂ ಹೋಯಿತು. ಉಳಿದವೂ ಒಂದೊಂದಾಗಿ ಕೆಟ್ಟು, ಕೊನೆಗೆ ಸ್ವರ ಹೊರಡುವುದು ಎಂದು ಉಳಿದದ್ದು ನಮ್ಮದು ಮಾತ್ರ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷ ಆಗಿರಬೇಕು. ನಿಮ್ಮಜ್ಜ ಹೋಗಿ ಮೂರನೆಯ ವರ್ಷ. ಒಂದು ಸಂಜೆ ಭಜನಾ ಮಂಡಳಿಯ ಅಧ್ಯಕ್ಷರು ಇನ್ನಿಬ್ಬರನ್ನು ಕರೆದುಕೊಂಡು ಬಂದರು.

"ಅಮ್ಮ, ಮಂಡಳಿಗೆ ಐವತ್ತು ತುಂಬ್ತದೆ. ಶೆಟ್ಟಿಕೊಪ್ಪದ ಆಚಾರ್ರಿಗೆ ಸನ್ಮಾನ ಮಾಡದು ಅಂತ ಮಾಡಿದೀವಿ. ನಿಮ್ಮ ಪೆಟ್ಟಿಗೆ ಸ್ಟೇಜಿನ ಮೇಲೆ ಬೇಕು. ಹೊಸ ಸಂಗೀತದ ಟೀಚರ್ ನುಡಿಸ್ತಾರೆ."

ನಾನು ಹೂಂ ಎಂದೆ.

"ಟಿ.ವಿ. ಎಲ್ಲಿಡ್ತೀರಿ?" ಎಂದರು ಜೊತೆಯಲ್ಲಿದ್ದವರು.

"ನೆಲದ ಮೇಲೆ," ಎಂದೆ. ಆ ಸಂಜೆ ನಾನು ಆಡಿದ್ದು ಅಷ್ಟೇ.

ಮರುದಿನ ಟೀಚರ್ ಬಂದಳು. ಶಿವಮೊಗ್ಗದ ಹುಡುಗಿ, ಶನಿವಾರ ಭಾನುವಾರ ಕೊಪ್ಪಕ್ಕೆ ಬಂದು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೂತು ಒಂದೊಂದೇ ಮನೆ ಒತ್ತುತ್ತಾ ಬಂದಳು. ಆ ಕರಿ ಮನೆಗೆ ಬಂದಾಗ ನಿಂತಳು. ಮೇಲಿನ ಹಲಗೆ ಬಿಚ್ಚಿ ಟಾರ್ಚು ಹಾಕಿ ನೋಡಿದಳು.

"ಅಮ್ಮ, ಇಲ್ಲಿ ರೀಡೇ ಇಲ್ಲ. ಬೆಣೆ ಹೊಡೆದಿದ್ದಾರೆ. ಕೆಟ್ಟು ಎಷ್ಟು ದಿನ ಆಯ್ತು?"

"ಅದು ಉಸಿರಿನ ಮನೆ," ಎಂದೆ.

"ಹಾಗಂದ್ರೆ?"

ನಿಮ್ಮಜ್ಜ ಹೇಳುತ್ತಿದ್ದದ್ದನ್ನು ನನಗೆ ಬಂದ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಒಳ್ಳೆಯ ಹುಡುಗಿ.

"ಅಂಥದ್ದು ಯಾವ ಹಾರ್ಮೋನಿಯಂನಲ್ಲೂ ಇಲ್ಲಮ್ಮ."

"ಅವರು ಮಾಡಿದ ಏಳಕ್ಕೂ ಹೀಗೇ ಇತ್ತು."

"ಏಳಕ್ಕೂ?"

"ಏಳಕ್ಕೂ."

ಅವಳು ಟಾರ್ಚು ಆರಿಸಿದಳು. "ಹಾಗಾದ್ರೆ ಇದು ಕೆಟ್ಟಿದ್ದಲ್ಲ. ಮಾಡುವಾಗಲೇ ತಪ್ಪಿದ್ದು. ಬಿಡಿ, ಪ್ರೋಗ್ರಾಮಿಗೆ ಮೊದಲು ನಾನೇ ಒಂದು ರೀಡ್ ತಂದು ಹಾಕಿಕೊಡ್ತೀನಿ."

ಅವಳು ಹೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನಗೆ ಸಮಾರಂಭದ ಯೋಚನೆ ಹತ್ತಿತು. ಐವತ್ತು ವರ್ಷ ಮೂಕವಾಗಿದ್ದ ಮನೆ ಸ್ಟೇಜಿನ ಮೇಲೆ ಕೂಗಿದರೆ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಟೀಚರ್ ಇದ್ದದ್ದನ್ನು ಹೇಳುತ್ತಾಳೆ. ಎಂಬತ್ತು ದಾಟಿದ ಆಚಾರ್ರನ್ನು ಕರೆಸಿ, ಶಾಲು ಹೊದಿಸಿ ಕೂರಿಸಿ, ನೀವು ಜೀವಮಾನ ಮಾಡಿದ್ದೆಲ್ಲ ತಪ್ಪು ಎಂದು ಊರೆದುರು ಹೇಳಿದ ಹಾಗಾಗುತ್ತದೆ. ಅವರು ಅದನ್ನು ಅಲ್ಲಿ ಮೊದಲ ಸಲ ಕೇಳಬಾರದು ಎಂದು ನನಗೆ ಅನ್ನಿಸಿತು. ಹೇಳಲು ಬೇರೆ ಯಾರೂ ಇರಲಿಲ್ಲ. ರೀಡು ಈಗಲೇ ಹಾಕಬೇಡ ಎಂದು ಟೀಚರಿಗೆ ಹೇಳಿ, ಸೋಮವಾರ ಶೆಟ್ಟಿಕೊಪ್ಪದ ಮೇಲೆ ಹೋಗುವ ನರಸಿಂಹರಾಜಪುರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮೂರು ಬಗೆಯಲ್ಲಿ ಹೇಳಿ ನೋಡಿದೆ. ಮೂರೂ ಚೆನ್ನಾಗಿರಲಿಲ್ಲ. ಶೆಟ್ಟಿಕೊಪ್ಪ ಬಂತು, ಇಳಿದೆ.

ಆಚಾರ್ರು ಜಗಲಿಯಲ್ಲಿ ಕೂತು ಒಂದು ಮಣೆಯನ್ನು ಉಜ್ಜುತ್ತಿದ್ದರು. ನನ್ನನ್ನು ಗುರುತಿಸಿ, "ಮೇಷ್ಟ್ರ ಮನೆಯವ್ರು. ಬನ್ನಿ ಅಮ್ಮ," ಎಂದರು. ಅವರ ಮಗಳು ನೀರು ಬೆಲ್ಲ ತಂದಿಟ್ಟಳು. ನಾನು ಮೆಲ್ಲಗೆ ವಿಷಯ ಎತ್ತಿದೆ. ಅವರು ಮಣೆ ಉಜ್ಜುತ್ತಲೇ ಇದ್ದರು.

"ಅಪ್ಪಯ್ಯನಿಗೆ ಕಿವಿ ಪೂರ್ತಿ ಹೋಗಿದೆ ಅಮ್ಮ," ಎಂದಳು ಮಗಳು. "ಕೂಗಿ ಹೇಳ್ಬೇಕು."

ಯಾರಿಗೂ ಕೇಳಿಸಬಾರದೆಂದು ಬಂದ ಮಾತನ್ನು ನಾನು ಕೂಗಬೇಕಾಯಿತು. ನನ್ನ ಕೂಗು ಎದುರಿನ ಮನೆಯವರಿಗೆ ಕೇಳಿಸಿತು, ಆಚಾರ್ರಿಗೆ ಕೇಳಿಸಲಿಲ್ಲ. ಕೊನೆಗೆ ಮಗಳೇ ಅವರ ಕಿವಿಗೆ ಬಾಯಿಟ್ಟು ಹೇಳಿದಳು. "ಮೇಷ್ಟ್ರ ಪೆಟ್ಟಿಗೇಲಿ ಒಂದಕ್ಕೆ ರೀಡೇ ಇಲ್ವಂತೆ. ಅದು ತಪ್ಪಂತೆ."

ಆಚಾರ್ರು ಉಜ್ಜುವುದನ್ನು ನಿಲ್ಲಿಸಿದರು.

"ಗೊತ್ತು," ಎಂದರು.

ನಾನು ಬೆಲ್ಲ ಬಾಯಿಗೆ ಹಾಕಿಕೊಂಡೆ. ಏನಾದರೂ ಮಾಡಬೇಕಿತ್ತಲ್ಲ.

ಅವರು ಹೇಳಿದ್ದು ಇಷ್ಟು. ರೀಡುಗಳನ್ನು ಮಾತ್ರ ಅವರು ಮಂಗಳೂರಿನ ಅಂಗಡಿಯಿಂದ ಅಂಚೆಯಲ್ಲಿ ತರಿಸಿದ್ದರು. ಎಲ್ಲ ಕೂರಿಸಿದ ಮೇಲೆ ಒಂದು ಉಳಿಯಿತು. ಅಂಗಡಿಯವರು ಎಣಿಸುವಾಗ ತಪ್ಪಿದ್ದಾರೆ, ಪರರ ಸೊತ್ತು ನಮಗೆ ಬೇಡ ಎಂದು ಅದನ್ನು ಅಂಚೆಯಲ್ಲಿ ವಾಪಸ್ ಕಳಿಸಿದರು. ತಿಂಗಳ ಮೇಲೆ ರೀಡು ಮತ್ತೆ ಬಂತು, ಜೊತೆಗೊಂದು ಕಾಗದ. ಯಾವ ಮನೆಗೆ ಯಾವ ರೀಡು ಎಂದು ಚಿತ್ರ ಬರೆದಿದ್ದರು. ಆ ಚಿತ್ರದಲ್ಲಿ ಯಾವ ಮನೆಯೂ ಖಾಲಿ ಇರಲಿಲ್ಲ.

"ಅಷ್ಟರಲ್ಲಿ ಮೇಷ್ಟ್ರಿಗೆ ಪೆಟ್ಟಿಗೆ ಕೊಟ್ಟಾಗಿತ್ತು," ಎಂದರು ಆಚಾರ್ರು. "ರೀಡು ಜೇಬಿಗೆ ಹಾಕ್ಕೊಂಡು ಕೊಪ್ಪಕ್ಕೆ ಬಂದೆ. ಶನಿವಾರ. ಭಜನೆ ನಡೀತಿತ್ತು. ಆ ಜಾಗ ಬಂದಾಗ ಮೇಷ್ಟ್ರು ತಲೆ ಎತ್ತಿ ಆ ಅಂದ್ರು. ಜನ ಅಷ್ಟೂ ಆ ಅಂದ್ರು. ನಂಗೆ ಎಂತ ಅಂತ ತಿಳೀಲಿಲ್ಲ. ಮುಗಿದ್ಮೇಲೆ ನನ್ನನ್ನ ಎದುರು ನಿಲ್ಸಿ, ನೋಡಿ, ಉಸಿರಿನ ಮನೆ ಇಟ್ಟು ಮಾಡಿದಾರೆ, ಇದು ತಿಳಿದವರ ಕೆಲಸ ಅಂದ್ರು. ಹೆಂಗಸ್ರು ಕೈ ಮುಗಿದ್ರು ಅಮ್ಮ. ನಾನೆಂತ ಹೇಳ್ಲಿ. ಸುಮ್ನೆ ಬಂದೆ."

"ಎರಡನೇದಕ್ಕೆ ರೀಡು ಹಾಕಿದ್ಯಲ್ಲ, ಅದನ್ನೂ ಹೇಳು," ಎಂದು ಮಗಳು ಕಿವಿಗೆ ಕೂಗಿದಳು. ಅವಳಿಗೆ ಎಲ್ಲ ಗೊತ್ತಿತ್ತು.

"ಹಾಕಿದ್ದೆ. ಎಂಟು ದಿನಕ್ಕೆ ವಾಪಸ್ ತಂದ್ರು. ಮೇಷ್ಟ್ರದ್ರಲ್ಲಿ ಇಲ್ಲದ್ದೊಂದು ಇದ್ರಲ್ಲಿ ಕೂಗ್ತದೆ, ತೆಗೆದುಕೊಡಿ ಅಂದ್ರು. ತೆಗೆದು ಬೆಣೆ ಹೊಡ್ದೆ. ಆಮೇಲಿನ ಐದಕ್ಕೂ ಯಾರ ಹತ್ರನೂ ಕೇಳ್ಳಿಲ್ಲ, ಮೊದ್ಲೇ ಬೆಣೆ."

ಅವರು ಮಣೆಯ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು.

"ಒಂದು ಬಾಗಿಲು ಓರೆ ಆದ್ರೆ ಮರುದಿನವೇ ಹೋಗಿ ಕೆತ್ತಿ ಕೂರಿಸಿ ಬರ್ತಿದ್ದೆ. ಇದಕ್ಕೆ ಹೋಗ್ಲಿಲ್ಲ. ಅಮ್ಮ, ಸನ್ಮಾನದಲ್ಲಿ ಮೈಕ್ ಕೊಡ್ತಾರಾ?"

ಕೊಡುತ್ತಾರೆ ಎಂದು ತಲೆಯಾಡಿಸಿದೆ.

"ಹಂಗಾದ್ರೆ ನಾನೇ ಹೇಳ್ತೀನಿ. ಅದು ತಪ್ಪು ಅಂತ ನಾನಿರುವಾಗ್ಲೇ ಜನಕ್ಕೆ ಗೊತ್ತಾಗ್ಬೇಕು. ಇಲ್ದಿದ್ರೆ ನಾಳೆ ಇನ್ನೊಬ್ಬ ಆಚಾರಿ ಬರ್ತಾನೆ, ಹಾಳೆ ಇಟ್ಟು ಗೆರೆ ಎಳೀತಾನೆ, ಬೆಣೆ ಸಮೇತ. ಅಲ್ಲೀವರೆಗೆ ಅದನ್ನ ಮುಟ್ಟಬೇಡಿ ಅನ್ನಿ ಆ ಟೀಚರಮ್ಮನಿಗೆ."

ನಾನು ಹೆದರಿದ್ದು ಅವರಿಗೆ ಅವಮಾನವಾಗುತ್ತದೆ ಎಂದು. ಅವರಿಗೆ ಬೇಕಾಗಿದ್ದದ್ದು ಅವರ ತಪ್ಪನ್ನು ಊರು ಒಪ್ಪಿಕೊಳ್ಳುವುದು. ಸುಲಭವಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಕೊಪ್ಪ ಇನ್ನೂ ಅರ್ಧ ದಾರಿ ಇರುವಾಗ, ಅದು ತಪ್ಪಾದರೆ ನಿಮ್ಮಜ್ಜನ ಉಸಿರಿನ ಮನೆಯೂ ತಪ್ಪು ಎಂಬುದು ಹೊಳೆಯಿತು. ಆದರೆ ಹೇಳುವವರು ಆಚಾರ್ರು, ನಾನಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಮಾರಂಭ ಮಂಡಳಿಯ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ. ಸ್ಟೇಜಿನ ಮೇಲೆ ಹಾರ್ಮೋನಿಯಂಗೂ ಒಂದು ಹಾರ ಹಾಕಿದ್ದರು. ಹಾರ ಅಡ್ಡ ಬರುತ್ತದೆ ಎಂದು ಟೀಚರ್ ತೆಗೆದಳು, ಅಧ್ಯಕ್ಷರು ಮತ್ತೆ ಹಾಕಿದರು. ಭಜನೆ ಆಯಿತು. ಆ ಜಾಗ ಬಂದಾಗ ಇಡೀ ಹಾಲು ಆ ಎಂದಿತು. ಟೀಚರ್ ಗಾಬರಿಯಾಗಿ ಕೈ ಎತ್ತಿಬಿಟ್ಟಳು, ಆಮೇಲೆ ಸುಧಾರಿಸಿಕೊಂಡಳು. ಆಚಾರ್ರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕು ಕೈಗಿತ್ತರು.

ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ. ಅವರ ಮಾತು ಹೊರಗಿನ ರಸ್ತೆಗೂ ಕೇಳಿಸಿತು.

"ಈ ಪೆಟ್ಟಿಗೇಲಿ ಒಂದು ಸ್ವರ ಇಲ್ಲ. ನಾನು ನೋಡಿ ಮಾಡಿದ ಪೆಟ್ಟಿಗೆ ಕೆಟ್ಟಿತ್ತು. ನಂಗೆ ಗೊತ್ತಾಗ್ದೆ ಹಂಗೇ ಮಾಡ್ದೆ. ಗೊತ್ತಾದ್ಮೇಲೂ ಹೇಳ್ಳಿಲ್ಲ. ತಪ್ಪು ನಂದು."

ಅಧ್ಯಕ್ಷರು ಮೈಕು ತೆಗೆದುಕೊಂಡರು.

"ದೊಡ್ಡವರ ವಿನಯ ಅಂದ್ರೆ ಇದು. ಅದು ಉಸಿರಿನ ಮನೆ ಅಂತ ನಮ್ಮ ಮೇಷ್ಟ್ರು ಇದೇ ಪೆಟ್ಟಿಗೆಯ ಮುಂದೆ ಕೂತು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಇವರು ನೋಡಿದ್ರೆ ನನಗೆ ಗೊತ್ತೇ ಇರ್ಲಿಲ್ಲ ಅಂತಾರೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲಿನ ಚಪ್ಪಾಳೆಗಿಂತ ಇದು ಹೆಚ್ಚಿತ್ತು.

ಆಚಾರ್ರು ಚಪ್ಪಾಳೆ ನೋಡಿ ಮಗಳ ಕಡೆ ಬಗ್ಗಿದರು. "ಒಪ್ಪಿದ್ರಾ?"

"ಇಲ್ಲ ಅಪ್ಪಯ್ಯ. ನಂಬ್ಲಿಲ್ಲ."

ಅವರು ಶಾಲನ್ನು ಹೆಗಲಿನಿಂದ ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಮತ್ತೊಮ್ಮೆ ಮೈಕಿಗೆ ಕೈ ಚಾಚಿದರು. ಮುಂದಿನ ಸಾಲಿನಲ್ಲಿದ್ದ ಹಳೆಯ ಭಜನೆಯವರೊಬ್ಬರು ಎದ್ದು, "ಕೂತ್ಕೊಳ್ಳಿ ಮಾರಾಯ್ರೆ. ಮೇಷ್ಟ್ರು ಸುಳ್ಳು ಹೇಳಿದ್ರು ಅಂತೀರಾ?" ಎಂದರು. ಆಚಾರ್ರಿಗೆ ಅದು ಕೇಳಿಸಲಿಲ್ಲ. ಮಗಳು ಅದನ್ನು ಕಿವಿಗೆ ಹೇಳಲೂ ಇಲ್ಲ. ಅವಳು ಹೆಂಗಸರ ಕಡೆ, ನಾನು ಕೂತಿದ್ದಲ್ಲಿಗೆ ನೋಡಿದಳು.

ಮಕ್ಕಳೇ, ನಾನು ಅಂಗಡಿಯಲ್ಲಿ ಸಾಮಾನಿನ ಚೀಟಿಯನ್ನು ಬಾಯಿಬಿಟ್ಟು ಓದದೆ ಹಾಗೇ ಕೊಟ್ಟುಬರುವವಳು. ಎದ್ದು ನಿಂತೆ. ಏನೋ ಹೇಳಿದೆ, ಪಕ್ಕದವರಿಗೂ ಕೇಳಿಸಲಿಲ್ಲ.

"ಅಮ್ಮ ಎಂತೋ ಹೇಳ್ತಿದಾರೆ," ಎಂದರು ಅಧ್ಯಕ್ಷರು. "ಇಲ್ಲಿ ಬನ್ನಿ ಅಮ್ಮ, ಮೈಕಲ್ಲಿ ಹೇಳಿ. ಮೇಷ್ಟ್ರ ನೆನಪು ಒಂದೆರಡು ಮಾತು."

ಸ್ಟೇಜಿಗೆ ನಾಲ್ಕು ಮೆಟ್ಟಿಲು. ನನಗೆ ನೆನಪಿರುವುದು ಮೆಟ್ಟಿಲುಗಳೇ. ಮೈಕು ನನ್ನ ಹಣೆಯ ಎತ್ತರಕ್ಕಿತ್ತು, ಯಾರೋ ಬಗ್ಗಿಸಿದರು.

"ಆಚಾರ್ರು ಹೇಳಿದ್ದು ನಿಜ," ಎಂದೆ. "ನಮ್ಮನೆಯವರು ಸುಳ್ಳು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೆಸರಿಟ್ಟರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಷ್ಟು ಕಷ್ಟಪಟ್ಟು ಯಾರೂ ಸುಳ್ಳು ಹೇಳುವುದಿಲ್ಲ ಎಂದು ಜನಕ್ಕೆ ಅನ್ನಿಸಿರಬೇಕು. ಅಧ್ಯಕ್ಷರು ಟೀಚರ್ ಮುಖ ನೋಡಿದರು. ಅವಳು, "ಹೌದು ಸಾರ್, ರೀಡ್ ಹಾಕಿದ್ರೆ ಸರಿಹೋಗ್ತದೆ," ಎಂದಳು.

ಮುಂದಿನ ಸಾಲಿನವರು ಇನ್ನೂ ನಿಂತೇ ಇದ್ದರು. "ಹಾಗಾದ್ರೆ ಐವತ್ತು ವರ್ಷ ನಾವು ಆ ಅಂದಿದ್ದು ಎಂತಕ್ಕೆ?"

"ಅಲ್ಲಿ ಸ್ವರ ಇರಲಿಲ್ಲ, ಅದಕ್ಕೆ," ಎಂದೆ.

ಅವರು ಸ್ವಲ್ಪ ಯೋಚಿಸಿ, "ಅದೂ ಹೌದು," ಎಂದು ಕೂತರು.

ಮಗಳು ಆಚಾರ್ರ ಕಿವಿಗೆ ಎಲ್ಲವನ್ನೂ ಹೇಳಿದಳು, ಬಹಳ ಹೊತ್ತು ಹಿಡಿಯಿತು. ಅಷ್ಟರವರೆಗೆ ಅಧ್ಯಕ್ಷರು ವಂದನಾರ್ಪಣೆ ತಡೆದಿದ್ದರು. ಕೇಳಿ ಮುಗಿಸಿ ಆಚಾರ್ರು ಶಾಲು ಬಿಡಿಸಿ ಹೊದ್ದುಕೊಂಡರು. ಊಟಕ್ಕೆ ಕೂತಾಗ ಒಂದಿಬ್ಬರು ಹೆಂಗಸರು ನನ್ನ ಪಕ್ಕ ಬಿಟ್ಟು ಆಚೆ ಕೂತರು. ಮೇಷ್ಟ್ರನ್ನು ಹೆಂಡತಿಯೇ ಹಾಗೆ ಹೇಳಬಹುದೇ ಎಂದು ಒಬ್ಬರು ಹೇಳಿದ್ದು ನನಗೆ ಕೇಳಿಸಿತು. ಹೇಳಬಾರದು ಎಂದು ನನಗೂ ಅನ್ನಿಸಿತ್ತು, ಅನ್ನಿಸಿದ ಮೇಲೇ ಹೇಳಿದ್ದು.

ಮುಂದಿನ ಶನಿವಾರ ಟೀಚರ್ ರೀಡು ತಂದಳು. ಆಚಾರ್ರೂ ಮಗಳ ಜೊತೆ ಬೆಳಗಿನ ಬಸ್ಸಿಗೆ ಬಂದರು. ಅವರ ಕೈಯಲ್ಲಿ ಮೊದಲಿನ ಬಲ ಇರಲಿಲ್ಲ, ಆದ್ದರಿಂದ ಬೆಣೆ ತೆಗೆಯುವ ಕೆಲಸ ಟೀಚರಿಗೆ ಬಂತು. ಬೆಣೆ ಅಲ್ಲಾಡಲಿಲ್ಲ. ಎರಡು ಸ್ಕ್ರೂಡ್ರೈವರು ಬಾಗಿದವು. ಆಚಾರ್ರು ಪಕ್ಕದಲ್ಲಿ ಕೂತು, "ಎಡಕ್ಕೆ, ಇನ್ನೂ ಎಡಕ್ಕೆ," ಎನ್ನುತ್ತಿದ್ದರು. ಅವಳು ಮುಖ ಒರೆಸಿಕೊಂಡು, "ಅಜ್ಜ, ಯಾಕಿಷ್ಟು ಗಟ್ಟಿ ಹೊಡೆದ್ರಿ?" ಎಂದು ಅವರ ಕಿವಿಗೆ ಬಾಯಿಟ್ಟು ಕೂಗಿ ಕೇಳಿದಳು. "ಬೀಳಬಾರ್ದಲ್ಲ," ಎಂದರು ಅವರು. ಊಟದ ಹೊತ್ತಿಗೆ ಅದು ಬಂತು.

ರೀಡು ಕೂರಿಸಿ, ಹಲಗೆ ಮುಚ್ಚಿ, ಟೀಚರ್ ಪೆಡಲು ತುಳಿದು ಆ ಕರಿ ಮನೆ ಒತ್ತಿದಳು. ನನಗೆ ಕೇಳಿಸಿತು. ನಾಲ್ಕು ದಶಕ ನಾನು ಒರೆಸಿದ ಪೆಟ್ಟಿಗೆಯಲ್ಲಿ ನಾನು ಕೇಳದೇ ಇದ್ದ ಸ್ವರ ಅದು. ಅಂಥ ವಿಶೇಷವೇನೂ ಇರಲಿಲ್ಲ, ಪಕ್ಕದ ಮನೆಗಳ ಹಾಗೆಯೇ ಇತ್ತು. ಆಚಾರ್ರಿಗೆ ಕೇಳಿಸಲಿಲ್ಲ. ಅವರು ಎದ್ದು ಬಂದು ಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಅಂಗೈ ಇಟ್ಟು, ಇನ್ನೊಮ್ಮೆ ಒತ್ತು ಎಂದು ಸನ್ನೆ ಮಾಡಿದರು. ಅವಳು ಒತ್ತಿ ಹಿಡಿದಳು. ಅವರು ಕಣ್ಣು ಮುಚ್ಚಲಿಲ್ಲ, ಏನೂ ಮಾಡಲಿಲ್ಲ, ಹಲಗೆ ಸರಿಯಾಗಿ ಕೂತಿದೆಯೋ ಎಂದು ನೋಡುವವರ ಹಾಗೆ ನಿಂತಿದ್ದರು.

"ಬಂತು," ಎಂದರು.

ಆಮೇಲೆ ಶೆಟ್ಟಿಕೊಪ್ಪಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.